ಅಂಗವನ್ನಳೆಯುವ ಕೋಲು, ಬಾಳನ್ನಳೆಯುವ ಕೋಲು

ಲೋಕಾಪುರ, ಮುಧೋಳ, ಜಮಖಂಡಿ ಭಾಗದ ರೈತನಿಗೆ ಅಳತೆಯ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿಲ್ಲ. ಘಟಪ್ರಭೆಯ ನೀರುಣಿಸಿ ಬೆಳೆಸಿದ ಕಬ್ಬನ್ನು ಕಾರಖಾನೆಗೆ ಒಯ್ಯುವ ಮುನ್ನ ಅವನು ಹೊರಗಿನ ಕಾಟಾದಲ್ಲಿ ಒಮ್ಮೆ ತೂಗಿಸಿ ಚೀಟಿಯನ್ನು ಜೇಬಿನಲ್ಲಿಟ್ಟುಕೊಳ್ಳುತ್ತಾನೆ. ಒಳಗಿನ ಕಾಟಾ ಬೇರೆ ಹೇಳಿದರೆ ಜಗಳಕ್ಕೆ ನಿಲ್ಲುತ್ತಾನೆ. ಸಕ್ಕರೆಯ ಇಳುವರಿ ಶೇಕಡಾ 10.25ಕ್ಕೆ ಇಂತಿಷ್ಟು ದರವೆಂದು ಸರಕಾರ ಸಾರಿದರೆ, ಆ ಇಳುವರಿಯನ್ನು ಅಳೆಯುವವರು ಯಾರು, ಅಳೆಯುವಾಗ ನಮ್ಮವರೊಬ್ಬರು ಅಲ್ಲಿದ್ದರೇ ಎಂದು ಕೇಳುತ್ತಾನೆ. ಅಳೆಯುವವನ ಕೈಯಲ್ಲಿ ಅಧಿಕಾರವಿರುತ್ತದೆ ಎಂಬ ಸತ್ಯವನ್ನು ಅವನು ಗ್ರಂಥದಿಂದಲ್ಲ, ಗಾಡಿಯ ಮೇಲೆ ಕುಳಿತು ಕಲಿತಿದ್ದಾನೆ.

ಇಂತಹ ಒಬ್ಬ ರೈತ ಕಳೆದ ವರ್ಷ ನನ್ನ ಮನೆಯ ಕಟ್ಟೆಗೆ ಬಂದು ಕುಳಿತನು. ಅವನ ಮಗಳಿಗೆ ಚಿಕ್ಕಂದಿನಿಂದ ಎಡಗಾಲು ಬಲಗುಂದಿದೆ. ಮೊಣಕಾಲನ್ನು ಕೈಯಿಂದ ಒತ್ತಿ ಹಿಡಿದು ನಡೆಯುತ್ತಾಳೆ. ಹಾಗೆಯೇ ನಡೆದು ಪದವಿಯನ್ನು ಮುಗಿಸಿದ್ದಾಳೆ. ಶಿಕ್ಷಕಿಯಾಗಬೇಕೆಂಬುದು ಅವಳ ಬಯಕೆ. ಪ್ರಮಾಣಪತ್ರಕ್ಕಾಗಿ ಒಂದು ಆಸ್ಪತ್ರೆಗೆ ಹೋದರು. ವೈದ್ಯರು ಟೇಪು ಹಿಡಿದರು, ಕೋನಮಾಪಕ ಹಿಡಿದರು, ಲೆಕ್ಕ ಹಾಕಿದರು. ಮೂವತ್ತೆಂಟು ಎಂದು ಬರೆದರು. ನಲವತ್ತಾಗಿದ್ದರೆ ಮೀಸಲಾತಿ; ಮೂವತ್ತೆಂಟಾದ್ದರಿಂದ ಏನೂ ಇಲ್ಲ. ಆ ತಂದೆ ನನ್ನನ್ನು ಕೇಳಿದ ಮಾತು ಇಷ್ಟೇ: "ಕಬ್ಬ ಆಗಿದ್ರ ಹೊರಗಿನ ಕಾಟಾಕ್ಕ ಒಯ್ದು ತೂಗಸ್ತಿದ್ನಿರೀ ಮಾಸ್ತರ. ಮಗಳನ್ನ ಎಲ್ಲಿಗೆ ಒಯ್ದು ತೂಗಸ್ಲಿ?"

ನಲವತ್ತು ವರ್ಷ ಪಾಠ ಹೇಳಿದ ನನ್ನಲ್ಲಿ ಆ ಹೊತ್ತು ಉತ್ತರವಿರಲಿಲ್ಲ. ಉತ್ತರವನ್ನು ಹುಡುಕಿಕೊಂಡು ಓದಿದ್ದನ್ನು, ಅದರಿಂದ ನಿಷ್ಠುರವಾಗಿ ತೋರಿದ್ದನ್ನು ಭಕ್ತಬಾಂಧವರ ಮುಂದೆಯೂ, ಮಠದ ಅನ್ನವುಂಡು ಅಕ್ಷರ ಕಲಿತ ನನ್ನ ಸಹಪಾಠಿಗಳ ಮುಂದೆಯೂ ಇಡುತ್ತಿದ್ದೇನೆ. ಮಾತು ಕೊನೆಯಲ್ಲಿ ನಮ್ಮ ಮಠದ ಮೆಟ್ಟಿಲಿಗೇ ಬಂದು ನಿಲ್ಲುತ್ತದೆ. ಅದಕ್ಕಾಗಿ ಹಿರಿಯರು ಮನ್ನಿಸಬೇಕು.

ಮೊದಲು ಈ ನಲವತ್ತರ ಹುಟ್ಟನ್ನು ನೋಡೋಣ. 1995ರ ಅಂಗವಿಕಲರ ಅಧಿನಿಯಮವು ಶೇಕಡಾ ನಲವತ್ತಕ್ಕೆ ಕಡಿಮೆಯಿಲ್ಲದ ನ್ಯೂನತೆಯಿದ್ದವರನ್ನೇ ಅಂಗವಿಕಲರೆಂದು ಕರೆಯಿತು. ಏಳು ಬಗೆಯ ನ್ಯೂನತೆಗಳನ್ನು ಹೆಸರಿಸಿ ಸರಕಾರಿ ಉದ್ಯೋಗದಲ್ಲಿ ಶೇಕಡಾ ಮೂರನ್ನು ಕಾಯ್ದಿರಿಸಿತು. ಅದರ ಸ್ಥಾನದಲ್ಲಿ ಬಂದ 2016ರ ಹಕ್ಕುಗಳ ಅಧಿನಿಯಮವು ಬಗೆಗಳನ್ನು ಇಪ್ಪತ್ತೊಂದಕ್ಕೂ, ಉದ್ಯೋಗದ ಮೀಸಲಾತಿಯನ್ನು ಶೇಕಡಾ ನಾಲ್ಕಕ್ಕೂ, ಉನ್ನತ ಶಿಕ್ಷಣದ ಮೀಸಲಾತಿಯನ್ನು ಶೇಕಡಾ ಐದಕ್ಕೂ ಏರಿಸಿತು. ನಲವತ್ತು ಮಾತ್ರ ಹಾಗೆಯೇ ಉಳಿಯಿತು. ಅಳೆಯುವುದಕ್ಕೆ ಸರಕಾರದ ಮಾರ್ಗಸೂಚಿಗಳುಂಟು: ಕೀಲು ಎಷ್ಟು ಬಾಗುತ್ತದೆ, ಸ್ನಾಯುವಿನ ಬಲವೆಷ್ಟು, ಕಾಲು ಎಷ್ಟು ಗಿಡ್ಡ. ಒಬ್ಬನಿಗೆ ಎರಡು ನ್ಯೂನತೆಗಳಿದ್ದರೆ ಕೂಡಿಸುವುದಕ್ಕೂ ಒಂದು ಸೂತ್ರವುಂಟು. ಒಂದು ಅರವತ್ತು, ಇನ್ನೊಂದು ಮೂವತ್ತಾದರೆ ಮೊತ್ತ ತೊಂಬತ್ತಾಗುವುದಿಲ್ಲ, ಎಪ್ಪತ್ತಾಗುತ್ತದೆ. ವೈದ್ಯರ ಶ್ರಮವನ್ನಾಗಲಿ ಪ್ರಾಮಾಣಿಕತೆಯನ್ನಾಗಲಿ ನಾನು ಹಳಿಯುತ್ತಿಲ್ಲ. ಮಿತವಾದ ಸವಲತ್ತನ್ನು ಹಂಚಬೇಕಾದಾಗ ಎಲ್ಲಿಯೋ ಒಂದು ಗೆರೆಯನ್ನು ಎಳೆಯಬೇಕಾಗುತ್ತದೆಂಬುದನ್ನೂ ಒಪ್ಪುತ್ತೇನೆ.

ನನ್ನ ತಕರಾರು ಬೇರೆ. ಅಂಗವನ್ನು ಅಳೆಯಲು ಮಾಡಿದ ಕೋಲು ಕ್ರಮೇಣ ಬಾಳನ್ನು ಅಳೆಯುವ ಕೋಲಾಗಿ ಕುಳಿತಿದೆ. ಕಛೇರಿಯಲ್ಲಿ ಆ ಹುಡುಗಿಯ ಹೆಸರೇ "ಮೂವತ್ತೆಂಟು" ಆಯಿತು. ಅವಳ ಊರಿನಿಂದ ಶಾಲೆಗೆ ಎಷ್ಟು ದೂರ, ಬಸ್ಸಿನ ಮೊದಲ ಮೆಟ್ಟಿಲು ನೆಲದಿಂದ ಎಷ್ಟು ಎತ್ತರ, ಕೆಲಸಕ್ಕೆ ಸೇರುವ ಶಾಲೆಯಲ್ಲಿ ಅವಳು ಕುಳಿತೇಳಬಹುದಾದ ಶೌಚಾಲಯವಿದೆಯೇ, ಮದುವೆಯ ಮಾತು ಬಂದಾಗ ಬೀಗರು ಏನೆನ್ನುತ್ತಾರೆ, ಮನೆಯವರು ಅವಳ ಅಭಿಪ್ರಾಯವನ್ನು ಕೇಳುತ್ತಾರೆಯೇ, ಇದಾವುದೂ ಆ ಮೂವತ್ತೆಂಟರೊಳಗೆ ಇಲ್ಲ. ಶೇಕಡಾ ಅರವತ್ತರ ಇಬ್ಬರನ್ನು ತೆಗೆದುಕೊಳ್ಳಿರಿ. ಒಬ್ಬನಿಗೆ ಬೆಂಗಳೂರಿನಲ್ಲಿ ನೆಲಮಟ್ಟದ ಮನೆ, ಗಾಲಿಕುರ್ಚಿ, ಗಣಕಯಂತ್ರದ ಕೆಲಸವಿದೆ. ಇನ್ನೊಬ್ಬನು ನಮ್ಮ ಹಳ್ಳಿಯೊಂದರ ಓಣಿಯಲ್ಲಿ ಹೊಸ್ತಿಲು ದಾಟಲು ಇನ್ನೊಬ್ಬರ ಹೆಗಲನ್ನು ಕಾಯುತ್ತಾನೆ. ಪ್ರಮಾಣಪತ್ರದಲ್ಲಿ ಇಬ್ಬರೂ ಒಂದೇ. ಬಾಳಿನಲ್ಲಿ ಇಬ್ಬರಿಗೂ ಆಕಾಶ-ಪಾತಾಳದ ಅಂತರ. ಈ ಅಂತರವನ್ನು ಉಂಟುಮಾಡಿದ್ದು ಕಾಲಲ್ಲ, ಹೊಸ್ತಿಲು.

ಇದು ನನ್ನ ಸ್ವಂತ ಊಹೆಯಲ್ಲ. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ನ್ಯೂನತೆಯ ವರ್ಗೀಕರಣವನ್ನೇ ಹೊಸದಾಗಿ ಬರೆದು, ಅದು ದೇಹದಲ್ಲಿ ಮಾತ್ರ ಇರುವ ವಸ್ತುವಲ್ಲ, ದೇಹಕ್ಕೂ ಪರಿಸರಕ್ಕೂ ನಡುವೆ ಉಂಟಾಗುವ ಸ್ಥಿತಿ ಎಂದು ನಿರೂಪಿಸಿತು. 2006ರ ಡಿಸೆಂಬರದಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಒಡಂಬಡಿಕೆ ಅದನ್ನೇ ಹಕ್ಕಿನ ಭಾಷೆಯಲ್ಲಿ ಹೇಳಿತು. ಭಾರತವು 2007ರಲ್ಲಿಯೇ ಅದಕ್ಕೆ ಸಮ್ಮತಿಯ ಮುದ್ರೆಯೊತ್ತಿತು. 2016ರ ನಮ್ಮ ಅಧಿನಿಯಮವು ಅದರ ಕೂಸು. ಆ ಅಧಿನಿಯಮದ ವ್ಯಾಖ್ಯೆಯಲ್ಲಿ ಅಡೆತಡೆಗಳ ಮಾತು ಸ್ಪಷ್ಟವಾಗಿದೆ. ಆದರೆ ಅಡೆತಡೆಯನ್ನು ಅಳೆಯುವ ಟೇಪು ಯಾವ ಕಛೇರಿಯಲ್ಲಿಯೂ ಇಲ್ಲ. ಇರುವುದು ಕಾಲನ್ನು ಅಳೆಯುವ ಟೇಪು ಮಾತ್ರ.

ಅಳತೆಯ ಪ್ರಶ್ನೆ ಬದಲಾದರೆ ಸತ್ಯವೇ ಬದಲಾದಂತೆ ತೋರುತ್ತದೆ ಎಂಬುದಕ್ಕೆ ನಮ್ಮ ಜನಗಣತಿಯೇ ಸಾಕ್ಷಿ. 1872ರಿಂದ 1931ರವರೆಗೆ ಅಂಗವೈಕಲ್ಯದ ಲೆಕ್ಕ ನಡೆಯುತ್ತಿತ್ತು. 1941ರಿಂದ 1971ರವರೆಗೆ ಕೈಬಿಡಲಾಯಿತು. 1981 ಅಂಗವಿಕಲರ ಅಂತಾರಾಷ್ಟ್ರೀಯ ವರ್ಷವಾದ್ದರಿಂದ ಮತ್ತೆ ಎಣಿಸಿದರು. ಅದೂ ಪೂರ್ಣ ಅಂಧತ್ವವೇ ಮೊದಲಾದ ಮೂರು ಬಗೆಗಳನ್ನಷ್ಟೆ. ಇಡೀ ದೇಶದಲ್ಲಿ ಸಿಕ್ಕವರು ಸುಮಾರು 11 ಲಕ್ಷ. 1991ರಲ್ಲಿ ಮತ್ತೆ ಕೈಬಿಟ್ಟರು. 2001ರಲ್ಲಿ ಐದು ಬಗೆಗಳನ್ನು ಕೇಳಿದಾಗ 2.19 ಕೋಟಿ ಜನ ಕಾಣಿಸಿಕೊಂಡರು. 2011ರಲ್ಲಿ ಎಂಟು ಬಗೆಗಳನ್ನು ಕೇಳಿದಾಗ ಅದು 2.68 ಕೋಟಿಯಾಯಿತು, ಕರ್ನಾಟಕದಲ್ಲಿ 13 ಲಕ್ಷಕ್ಕೂ ಮೇಲು. ಇಪ್ಪತ್ತು ವರ್ಷಗಳಲ್ಲಿ ದೇಶದ ಅಂಗವಿಕಲರು ಸುಮಾರು ಇಪ್ಪತ್ತು ಪಟ್ಟಾದರೇ? ಇಲ್ಲ. ಅವರು ಅಲ್ಲಿಯೇ ಇದ್ದರು, ನಾವು ಕೇಳಿರಲಿಲ್ಲ. 2011ರ ಲೆಕ್ಕದಲ್ಲಿ ಅವರು ನೂರಕ್ಕೆ ಎರಡು ಚಿಲ್ಲರೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜಿಸಿದಂತೆ ಲೋಕದಲ್ಲಿ ನೂರಕ್ಕೆ ಹದಿನಾರು. ಕೇಳುವ ರೀತಿ ಬೇರೆಯಾದ್ದರಿಂದ ಎರಡನ್ನೂ ಪಕ್ಕಪಕ್ಕಕ್ಕಿಟ್ಟು ತೂಗಲಾಗದು, ನಿಜ. ಆದರೂ ನಮ್ಮ ಜರಡಿಯ ಕಣ್ಣು ಬಹಳ ದೊಡ್ಡದೆಂಬ ಸಂಶಯಕ್ಕೆ ಇಷ್ಟು ಸಾಕು. 2021ರ ಗಣತಿ ನಡೆಯಲೇ ಇಲ್ಲ. ಮುಂದಿನದು 2027ಕ್ಕೆ ಎಂದು ಘೋಷಣೆಯಾಗಿದೆ. ಎಣಿಸುವವನು ಬಾಗಿಲಿಗೆ ಬಂದಾಗ "ನಮ್ಮ ಮನೆಯಲ್ಲಿ ಅಂಥವರಿಲ್ಲ" ಎಂದು ಒಳಕೋಣೆಯ ಮಗುವನ್ನು ಮುಚ್ಚಿಡುವ ನಮ್ಮ ಲಜ್ಜೆಗೂ ಆ ಕಡಿಮೆ ಲೆಕ್ಕದಲ್ಲಿ ಪಾಲಿದೆಯೆಂಬುದನ್ನು ಮರೆಯಬಾರದು.

ಇನ್ನೂ ವಿಚಿತ್ರವಾದ ತಕ್ಕಡಿಯೊಂದಿದೆ. 1993ರಲ್ಲಿ ವಿಶ್ವ ಬ್ಯಾಂಕು ತನ್ನ ವರದಿಯಲ್ಲಿ ರೋಗಗಳ ಹೊರೆಯನ್ನು ಲೆಕ್ಕಿಸುವ ಹೊಸ ಪದ್ಧತಿಯೊಂದನ್ನು ಲೋಕದ ಮುಂದಿಟ್ಟಿತು. ಅದರಲ್ಲಿ ಪೂರ್ಣ ಆರೋಗ್ಯಕ್ಕೆ ಸೊನ್ನೆ, ಮರಣಕ್ಕೆ ಒಂದು. ನಡುವೆ ಪ್ರತಿಯೊಂದು ನ್ಯೂನತೆಗೂ ಒಂದು ತೂಕ. ಆ ಮೊದಲ ಲೆಕ್ಕದಲ್ಲಿ ಅಂಧತ್ವದ ತೂಕ ಸುಮಾರು 0.6. ಅಂದರೆ ಕಣ್ಣಿಲ್ಲದವನು ಬದುಕಿದ ಹತ್ತು ವರ್ಷಗಳಲ್ಲಿ ಆರು ವರ್ಷ ನಷ್ಟದ ಖಾತೆಗೆ, ನಾಲ್ಕು ವರ್ಷ ಮಾತ್ರ ಬಾಳಿನ ಖಾತೆಗೆ. ಆ ತೂಕವನ್ನು ಗೊತ್ತುಪಡಿಸಿದವರು ಆರೋಗ್ಯ ತಜ್ಞರು. ಮುಂದೆ 2010ರ ಲೆಕ್ಕಕ್ಕಾಗಿ ಅನೇಕ ದೇಶಗಳ ಸಾಮಾನ್ಯ ಜನರನ್ನು ಬೇರೆ ರೀತಿಯಲ್ಲಿ ಪ್ರಶ್ನಿಸಿದಾಗ ಅದೇ ಅಂಧತ್ವದ ತೂಕ 0.195ಕ್ಕೆ ಇಳಿಯಿತು. ಮೂರರಲ್ಲಿ ಒಂದು ಪಾಲು! ಈ ನಡುವೆ ಅಂಧರ ಕಣ್ಣುಗಳಲ್ಲಿ ಯಾವ ಬದಲಾವಣೆಯೂ ಆಗಿರಲಿಲ್ಲ. ಬದಲಾದದ್ದು ಪ್ರಶ್ನೆ, ಪ್ರಶ್ನೆಗೆ ಉತ್ತರಿಸಿದವರು. ಔಷಧಕ್ಕೆ ಹಣವನ್ನು ಹಂಚುವಾಗ ಈ ಗಣಿತ ಉಪಯೋಗಕ್ಕೆ ಬರಬಹುದು. ಆದರೆ ಒಬ್ಬ ಮನುಷ್ಯನ ಬಾಳನ್ನು ಅವನನ್ನೇ ಕೇಳದೆ ಹತ್ತರಲ್ಲಿ ನಾಲ್ಕೆಂದು ಬರೆಯುವ ಧೈರ್ಯ ವಿದ್ವಾಂಸರಿಗೆ ಎಲ್ಲಿಂದ ಬಂತು?

ಈ ಪ್ರಶ್ನೆಯನ್ನು ಕೇಳುವ ಅರ್ಹತೆ ನಮ್ಮ ನಾಡಿಗೆ ವಿಶೇಷವಾಗಿ ಇದೆ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟುಗುರುಡನಾಗಿ ಜನಿಸಿದ ಬಡ ಬಾಲಕನೊಬ್ಬನನ್ನು ಹಾನಗಲ್ಲ ಕುಮಾರಸ್ವಾಮಿಗಳು ಕಂಡರು. ನಮ್ಮ ಬಾದಾಮಿಯ ಸಮೀಪದಲ್ಲಿ 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಆ ಮಹನೀಯರು ಬಾಲಕನ ಕಣ್ಣನ್ನು ಅಳೆಯಲಿಲ್ಲ, ಕಂಠವನ್ನು ಕೇಳಿದರು. ಸಂಗೀತ ಶಿಕ್ಷಣಕ್ಕೆ ಏರ್ಪಾಡು ಮಾಡಿದರು. ಆ ಬಾಲಕನೇ ಪಂಡಿತ ಪಂಚಾಕ್ಷರ ಗವಾಯಿಗಳಾದರು. ಕರ್ನಾಟಕ, ಹಿಂದುಸ್ತಾನಿ ಎರಡೂ ಪದ್ಧತಿಗಳಲ್ಲಿ ನುರಿತರು. ಬಸವರಾಜ ರಾಜಗುರು ಅವರಂತಹ ಕಣ್ಣುಳ್ಳವರಿಗೂ ಗುರುಗಳಾದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಹೊಣೆಯನ್ನು ಹೊತ್ತವರು ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡಿದ್ದ ಪುಟ್ಟರಾಜ ಗವಾಯಿಗಳು. 2010ರವರೆಗೆ, ಅರವತ್ತಾರು ವರ್ಷ, ಅವರು ಆ ಸಂಸ್ಥೆಯನ್ನು ನಡೆಸಿದರು. ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಗ್ರಂಥಗಳನ್ನು ರಚಿಸಿದರು. ನಾಟಕ ಕಂಪನಿಯ ಗಳಿಕೆಯಿಂದ ಆಶ್ರಮದ ಮಕ್ಕಳಿಗೆ ಅನ್ನವಿಟ್ಟರು. ತಕ್ಕಡಿ ಹಿಡಿದ ವಿದ್ವಾಂಸರು ಈ ಬಾಳನ್ನು ಹತ್ತರಲ್ಲಿ ಎಷ್ಟೆಂದು ಬರೆಯುತ್ತಾರೆ?

ಇಲ್ಲಿ ಮೂರು ಆಕ್ಷೇಪಗಳು ಬರುವುದುಂಟು. ಒಂದೊಂದಾಗಿ ವಿಚಾರಿಸೋಣ.

ಮೊದಲನೆಯದು: "ಗವಾಯಿಗಳು ಅಸಾಧಾರಣ ಪುರುಷರು. ಅವರ ಉದಾಹರಣೆಯನ್ನು ಸಾಮಾನ್ಯರಿಗೆ ಹೇಗೆ ಹೊಂದಿಸುವಿರಿ?" ಈ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ, ಮತ್ತು ಅದನ್ನೇ ತಿರುಗಿಸಿ ಕೇಳುತ್ತೇನೆ. ಕಣ್ಣಿದ್ದವರೆಲ್ಲ ಅಸಾಧಾರಣರಾದ ಮೇಲೆಯೇ ಅವರಿಗೆ ರಸ್ತೆ, ಶಾಲೆ, ಮತದಾನದ ಹಕ್ಕು ಕೊಟ್ಟೆವೇ? ನಮ್ಮಲ್ಲಿ ಒಂದು ಕೆಟ್ಟ ಚಾಳಿ ಬೆಳೆದಿದೆ. ವರ್ಷಕ್ಕೊಮ್ಮೆ ಒಬ್ಬ ಅಂಧ ಗಾಯಕನನ್ನೋ ಕಾಲಿಲ್ಲದ ಕ್ರೀಡಾಪಟುವನ್ನೋ ವೇದಿಕೆಗೆ ಕರೆದು ಶಾಲು ಹೊದಿಸಿ, "ಇವರನ್ನು ನೋಡಿ ಕಲಿಯಿರಿ" ಎಂದು ಉಳಿದವರಿಗೆ ಉಪದೇಶಿಸಿ ಕೈತೊಳೆದುಕೊಳ್ಳುವುದು. ಗದುಗಿನ ಕಥೆಯ ತಿರುಳು ಒಬ್ಬರ ಪ್ರತಿಭೆಯಷ್ಟೇ ಅಲ್ಲ. ಆ ಪ್ರತಿಭೆಗೆ ಗುರು ಸಿಕ್ಕಿದರು, ಊಟ ಸಿಕ್ಕಿತು, ವಾಸಕ್ಕೆ ಜಾಗ ಸಿಕ್ಕಿತು, ಕಲಿತ ವಿದ್ಯೆಗೆ ಸಭೆ ಸಿಕ್ಕಿತು. ಬಾಗಿಲು ತೆರೆದಿತ್ತು, ಆದ್ದರಿಂದ ಒಳಗೆ ಬಂದರು. ಅದೇ ಕಾಲದಲ್ಲಿ ಬಾಗಿಲು ಸಿಗದೆ ಜಾತ್ರೆಗಳಲ್ಲಿ ಭಿಕ್ಷೆ ಬೇಡಿ ಸತ್ತ ಅಂಧ ಮಕ್ಕಳೆಷ್ಟೋ! ಅವರ ಕಂಠವನ್ನು ಯಾರೂ ಕೇಳಲಿಲ್ಲ.

ಎರಡನೆಯದು: "ಅವರನ್ನೇ ಕೇಳಿರಿ, ಅವರು ತೃಪ್ತರಾಗಿಯೇ ಇದ್ದಾರೆ." ಇದರಲ್ಲಿ ಅರ್ಧ ಸತ್ಯವಿದೆ. 1999ರಲ್ಲಿ ಆಲ್‌ಬ್ರೆಕ್ಟ್ ಮತ್ತು ಡೆವ್ಲೀಗರ್ ಎಂಬ ವಿದ್ವಾಂಸರು ನ್ಯೂನತೆಯುಳ್ಳ 153 ಜನರನ್ನು ಕಂಡು ಮಾತನಾಡಿಸಿದರು. ತೀವ್ರವಾದ ನ್ಯೂನತೆಯಿದ್ದವರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಜನ ತಮ್ಮ ಬಾಳಿನ ಗುಣಮಟ್ಟ ಒಳ್ಳೆಯದು ಅಥವಾ ಅತ್ಯುತ್ತಮವೆಂದರು. ಹೊರಗಿನವರಿಗೆ ಇದು ವಿಪರೀತವಾಗಿ ಕಂಡಿತು. ವಿಪರೀತವೇನೂ ಇಲ್ಲ. "ಅಯ್ಯೋ ಪಾಪ" ಎನ್ನುವವನು ತನ್ನ ಭಯವನ್ನು ಅಳೆಯುತ್ತಾನೆಯೇ ಹೊರತು ಎದುರಿನವನ ಬಾಳನ್ನಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಬಾಳಿನ ಗುಣಮಟ್ಟವೆಂದರೆ ತನ್ನ ಸಂಸ್ಕೃತಿಯಲ್ಲಿ, ತನ್ನ ಗುರಿಗಳ ಬೆಳಕಿನಲ್ಲಿ ಒಬ್ಬನು ತನ್ನ ಬಾಳನ್ನು ತಾನೇ ಕಾಣುವ ಬಗೆ ಎಂದು ಹೇಳುತ್ತದೆ. ಅದು ರಚಿಸಿದ 26 ಪ್ರಶ್ನೆಗಳ ಪಟ್ಟಿಯಲ್ಲಿ ದೇಹದ ನೋವಿನ ಜೊತೆಗೆ ಮನಸ್ಸು, ಸ್ನೇಹ, ಮನೆ, ಹಣ, ಓಡಾಟದ ಅನುಕೂಲಗಳೂ ಸೇರಿವೆ.

ಆದರೆ ತೃಪ್ತಿಯೆಂಬುದು ಮೋಸದ ಕಾಟಾ ಆಗಬಲ್ಲದು. ಬೇಡಿದ್ದು ಎಂದೂ ದೊರೆಯದವನು ಬೇಡುವುದನ್ನೇ ಬಿಡುತ್ತಾನೆ. ಹೊಸ್ತಿಲಾಚೆ ಹೋಗದವನಿಗೆ ಹೊಸ್ತಿಲೊಳಗೇ ಸಾಕೆನಿಸುತ್ತದೆ. ಅಮರ್ತ್ಯ ಸೇನರು ಬಹುಕಾಲದಿಂದ ಎಚ್ಚರಿಸಿರುವುದು ಇದನ್ನೇ. ಅವರು ಇನ್ನೊಂದನ್ನೂ ತೋರಿಸಿದ್ದಾರೆ: ನ್ಯೂನತೆಯುಳ್ಳವನಿಗೆ ಎರಡು ಪೆಟ್ಟು. ಗಳಿಸುವುದು ಕಡಿಮೆ, ಗಳಿಸಿದ್ದನ್ನು ಬಾಳಾಗಿ ಮಾರ್ಪಡಿಸಿಕೊಳ್ಳಲು ತಗಲುವ ವೆಚ್ಚ ಹೆಚ್ಚು. ಲೋಕಾಪುರದ ಸಂತೆಗೆ ನಾನು ನಡೆದು ಹೋಗಿ ಬರುತ್ತೇನೆ. ನಡೆಯಲಾರದವನು ಆಟೋಕ್ಕೆ ಕೊಟ್ಟು, ಜೊತೆಗೊಬ್ಬನ ದಿನಗೂಲಿಯನ್ನೂ ಕಳೆದು ಹೋಗಬೇಕು. ಇಬ್ಬರ ಕೈಯಲ್ಲಿರುವ ನೂರು ರೂಪಾಯಿ ಒಂದೇ ನೂರಲ್ಲ. ಹೀಗಿರುವಾಗ, ಬಡತನದ ರೇಖೆಯ ಕೆಳಗಿದ್ದು ಶೇಕಡಾ ಎಂಬತ್ತು ನ್ಯೂನತೆಯಿದ್ದವನಿಗೆ ಕೇಂದ್ರದ ಪಿಂಚಣಿ ಹತ್ತು ವರ್ಷಗಳಿಗೂ ಮೀರಿ ತಿಂಗಳಿಗೆ 300 ರೂಪಾಯಿಗೇ ನಿಂತಿತ್ತೆಂಬುದನ್ನು ಯಾವ ತೃಪ್ತಿಯ ಲೆಕ್ಕದಲ್ಲಿ ಸೇರಿಸೋಣ? ರಾಜ್ಯವು ತನ್ನ ಪಾಲನ್ನು ಸೇರಿಸುತ್ತದೆ. ಸೇರಿಸಿದರೂ ಅದು ತಿಂಗಳ ಬಾಳಿಗೆ ಸಾಲುವುದಿಲ್ಲ. ಆದ್ದರಿಂದ ಎರಡು ಅಳತೆಗಳೂ ಬೇಕು. ಒಂದು, ಅವನ ಬಾಯಿಂದಲೇ ಅವನ ಬಾಳಿನ ವರದಿ. ಎರಡು, ಅವನೆದುರು ತೆರೆದಿರುವ ಬಾಗಿಲುಗಳ ಎಣಿಕೆ. ಮೊದಲನೆಯದನ್ನು ಬಿಟ್ಟರೆ ಅಹಂಕಾರ. ಎರಡನೆಯದನ್ನು ಬಿಟ್ಟರೆ ವಂಚನೆ.

ಮೂರನೆಯ ಆಕ್ಷೇಪವನ್ನು ಬಾಯಿಬಿಟ್ಟು ಹೇಳುವವರು ಕಡಿಮೆ, ಮನಸ್ಸಿನಲ್ಲಿ ಇಟ್ಟುಕೊಂಡವರು ಹೆಚ್ಚು: "ಪೂರ್ವಜನ್ಮದ ಕರ್ಮ, ಯಾರೇನು ಮಾಡಲಾದೀತು?" ಜನ್ಮದ ಕಾರಣದಿಂದ ಮನುಷ್ಯನನ್ನು ಅಳೆಯಕೂಡದೆಂದು ಹನ್ನೆರಡನೆಯ ಶತಮಾನದಲ್ಲಿಯೇ ಶರಣರು ನಿಷ್ಠುರವಾಗಿ ನುಡಿದ ಮೇಲೆ, ಅವರ ಹೆಸರನ್ನು ಹೇಳುವವರು ಈ ಮಾತನ್ನಾಡುವುದು ಶೋಭಿಸದು. ಕಾಯಕವೇ ಕೈಲಾಸವೆಂಬ ತತ್ತ್ವವನ್ನು ನಾವು ಗೋಡೆಯ ಮೇಲೆ ಬರೆಸುತ್ತೇವೆ. ಕಾಯಕವನ್ನು ಮಾಡಬಲ್ಲ, ಮಾಡಬಯಸುವ ಒಬ್ಬನಿಗೆ ಕಾಯಕದ ಸ್ಥಳಕ್ಕೆ ಹೋಗುವ ದಾರಿಯನ್ನು ಮುಚ್ಚಿ, ಪ್ರತಿಯಾಗಿ ಅನ್ನವನ್ನು ಕೈಗಿಟ್ಟರೆ ಅದು ದಾಸೋಹವಾಗುವುದೇ? ಭಿಕ್ಷೆಯಾಗುತ್ತದೆ. 2011ರ ಗಣತಿಯ ಪ್ರಕಾರ ದೇಶದ ಅಂಗವಿಕಲರಲ್ಲಿ ದುಡಿಯುವವರು ನೂರಕ್ಕೆ ಸುಮಾರು ಮೂವತ್ತಾರು, ಸ್ತ್ರೀಯರಲ್ಲಿ ಇಪ್ಪತ್ತಮೂರು. ಉಳಿದವರಲ್ಲಿ ಬಾಲಕರು, ವೃದ್ಧರು ಇರಬಹುದು. ಆದರೆ ಕೆಲಸ ಬೇಡಿ ಕೆಲಸ ಸಿಗದವರೆಷ್ಟೆಂದು ನಮ್ಮ ನಮ್ಮ ಊರಿನಲ್ಲಿ ಕೇಳಿ ನೋಡಿದರೆ ಕರ್ಮ ಯಾರದೆಂದು ತಿಳಿಯುತ್ತದೆ.

ಹೆಸರಿನ ಬಗೆಗೂ ಒಂದು ಮಾತು. ಸರಕಾರದ ಕಾಗದಗಳಲ್ಲಿ ಇವರನ್ನು "ವಿಕಲಚೇತನ"ರೆಂದು ಬರೆಯುತ್ತಾರೆ. ಗೌರವದ ಉದ್ದೇಶದಿಂದಲೇ ಇರಬಹುದು. ಆದರೆ ಶಬ್ದಾರ್ಥವನ್ನು ನೋಡಿರಿ: ವಿಕಲವಾದದ್ದು ಚೇತನವೇ? ಅಂಗದಲ್ಲಿ ಊನವಿದ್ದೀತು. ಚೇತನಕ್ಕೆ ಊನವನ್ನು ಆರೋಪಿಸುವ ಅಧಿಕಾರ ಯಾರಿಗೂ ಇಲ್ಲ. ಈಚೆಗೆ ಬಂದ "ದಿವ್ಯಾಂಗ" ಎಂಬ ಹೆಸರು ಇನ್ನೊಂದು ತುದಿ. ಊನವಾದ ಕಾಲಿಗೆ ದಿವ್ಯತ್ವವನ್ನು ಕೊಟ್ಟು ಮೆಟ್ಟಿಲನ್ನು ಹಾಗೆಯೇ ಉಳಿಸುವ ಉಪಾಯ. ಹೆಸರು ಯಾವುದೇ ಇರಲಿ, ಅದನ್ನು ಆರಿಸಿಕೊಳ್ಳುವ ಹಕ್ಕು ಅವರದಾಗಲಿ.

ಸಮಾಧಾನದ ಸಂಗತಿಯೆಂದರೆ ಶೇಕಡಾಪೂಜೆಯನ್ನು ದೇಶದ ಸರ್ವೋಚ್ಚ ನ್ಯಾಯಾಲಯವೇ ಖಂಡಿಸತೊಡಗಿದೆ. ಕೈ ಸೆಟೆದು ಬರೆಯಲಾಗದ ಅಭ್ಯರ್ಥಿಯೊಬ್ಬನು ನಾಗರಿಕ ಸೇವೆಯ ಪರೀಕ್ಷೆಯಲ್ಲಿ ಬರೆಹಗಾರನ ನೆರವನ್ನು ಬೇಡಿದಾಗ, ನಲವತ್ತರ ಗೆರೆ ಮೀಸಲಾತಿಯಂತಹ ಕೆಲವು ಸವಲತ್ತುಗಳಿಗೆ ಮಾತ್ರ, ನ್ಯಾಯವಾದ ಅನುಕೂಲತೆಯನ್ನು ಪಡೆಯಲು ಆ ಗೆರೆ ಅಡ್ಡಬಾರದೆಂದು 2021ರ ಫೆಬ್ರುವರಿಯಲ್ಲಿ ತೀರ್ಪಾಯಿತು. 2024ರ ಅಕ್ಟೋಬರದಲ್ಲಿ ಬಂದ ಇನ್ನೊಂದು ತೀರ್ಪು ಇನ್ನೂ ಸ್ವಾರಸ್ಯವಾದದ್ದು. ಮಾತಿನ ನ್ಯೂನತೆ ನಲವತ್ತನ್ನು ದಾಟಿತೆಂಬ ಒಂದೇ ಕಾರಣಕ್ಕೆ ವಿದ್ಯಾರ್ಥಿಯೊಬ್ಬನಿಗೆ ವೈದ್ಯಕೀಯ ಶಿಕ್ಷಣದ ಪ್ರವೇಶ ತಪ್ಪಿತ್ತು. ಸಂಖ್ಯೆಯನ್ನು ನೋಡಿ ಅನರ್ಹನೆನ್ನಬಾರದು, ಅವನು ಕಲಿಯಬಲ್ಲನೇ ಎಂಬುದನ್ನು ಪರೀಕ್ಷಿಸಬೇಕೆಂದು ನ್ಯಾಯಾಲಯ ಹೇಳಿತು. ನೋಡಿರಿ ಈ ಕೋಲಿನ ಆಟವನ್ನು! ನಮ್ಮೂರ ಹುಡುಗಿಗೆ ಮೂವತ್ತೆಂಟು ಕಡಿಮೆಯಾಯಿತು. ಆ ವಿದ್ಯಾರ್ಥಿಗೆ ನಲವತ್ತು ಹೆಚ್ಚಾಯಿತು. ಇಬ್ಬರಿಗೂ ಬಾಗಿಲು ಮುಚ್ಚಿತು. 2025ರ ಮಾರ್ಚದಲ್ಲಿ ಅಂಧರನ್ನು ನ್ಯಾಯಾಧೀಶರ ಹುದ್ದೆಯಿಂದ ದೂರವಿಡುವ ನಿಯಮವನ್ನೂ ಅದೇ ನ್ಯಾಯಾಲಯ ತಳ್ಳಿಹಾಕಿತು.

ಆದರೆ ನ್ಯಾಯಾಲಯವು ದೆಹಲಿಯಲ್ಲಿದೆ. ನಮ್ಮ ಮೆಟ್ಟಿಲು ಇಲ್ಲಿದೆ. ಈಗ ಆ ಕಹಿ ಮಾತಿಗೆ ಬರುತ್ತೇನೆ.

ನಮ್ಮ ಮಠದಲ್ಲಿ ಜಾತ್ರೆಯ ದಿನಗಳಲ್ಲಿ ಸಾವಿರಾರು ಎಲೆ ಬೀಳುತ್ತವೆ. ಯಾರನ್ನೂ ಹಸಿದು ಕಳಿಸಿದ ನಿದರ್ಶನವಿಲ್ಲ. ಆ ದಾಸೋಹದ ಋಣವನ್ನು ಹೊತ್ತವನೇ ನಾನು. ಆದರೆ ಪ್ರತಿವರ್ಷ ನಾನು ನೋಡುತ್ತ ಬಂದ ದೃಶ್ಯವೊಂದಿದೆ. ಎರಡೂ ಕಾಲು ಬಾರದ ಭಕ್ತನೊಬ್ಬನು ಬಹಳ ವರ್ಷಗಳಿಂದ ಮೂರು ಗಾಲಿಯ ಬಂಡಿಯಲ್ಲಿ ಬರುತ್ತಾನೆ. ಮೆಟ್ಟಿಲ ಬುಡದಲ್ಲಿ ನಿಲ್ಲುತ್ತಾನೆ. ಸೇವಾದಳದ ಹುಡುಗರು ಪ್ರೀತಿಯಿಂದಲೇ ತಟ್ಟೆಯಲ್ಲಿ ಪ್ರಸಾದವನ್ನು ತಂದುಕೊಡುತ್ತಾರೆ. ಅಲ್ಲಿಯೇ ಉಂಡು ಹೋಗುತ್ತಾನೆ. ಪಂಕ್ತಿಯಲ್ಲಿ ಅವನು ಕುಳಿತದ್ದನ್ನು ನಾನು ಕಂಡಿಲ್ಲ. ಗದ್ದುಗೆಯ ದರ್ಶನವನ್ನು ಅವನು ಮಾಡಿದ್ದನ್ನೂ ಕಂಡಿಲ್ಲ. ಪಂಕ್ತಿಭೇದವಿಲ್ಲವೆಂದು ಹೆಮ್ಮೆಪಡುವ ಮಠದಲ್ಲಿ ಮೆಟ್ಟಿಲು ಪಂಕ್ತಿಭೇದವನ್ನು ಮಾಡುತ್ತಿದೆ. ಉಂಡ ಎಲೆಗಳನ್ನು ನಾವು ಎಣಿಸಿದೆವು. ಏರಲಾಗದ ಮೆಟ್ಟಿಲುಗಳನ್ನು ಎಣಿಸಲಿಲ್ಲ.

ಇದು ಕರುಣೆಯ ವಿಷಯವೆಂದು ಯಾರೂ ತಿಳಿಯಬಾರದು. 2016ರ ಅಧಿನಿಯಮದಲ್ಲಿ ಸಾರ್ವಜನಿಕ ಕಟ್ಟಡದ ವ್ಯಾಖ್ಯೆಯನ್ನು ಓದಿರಿ. ಸರಕಾರದ್ದಿರಲಿ ಖಾಸಗಿಯದಿರಲಿ, ಜನರು ಬಳಸುವ ಕಟ್ಟಡವೆಲ್ಲವೂ ಅದರಲ್ಲಿ ಸೇರುತ್ತದೆ. ಶಾಲೆ, ಆಸ್ಪತ್ರೆ, ಅಂಗಡಿ, ಬಸ್‌ನಿಲ್ದಾಣಗಳ ಜೊತೆಗೆ ಧಾರ್ಮಿಕ ಚಟುವಟಿಕೆಯ ಕಟ್ಟಡವನ್ನೂ ಹೆಸರಿಟ್ಟು ಸೇರಿಸಿದ್ದಾರೆ. ಹಳೆಯ ಕಟ್ಟಡಗಳನ್ನು ಸರಿಪಡಿಸಲು ನಿಯಮಗಳು ಪ್ರಕಟವಾದಂದಿನಿಂದ ಐದು ವರ್ಷಗಳ ಗಡುವು. ನಿಯಮಗಳು 2017ರ ಜೂನದಲ್ಲಿ ಪ್ರಕಟವಾದವು. ಗಡುವು 2022ರಲ್ಲಿಯೇ ಮುಗಿಯಿತು. 2024ರ ನವೆಂಬರದಲ್ಲಿ ಸರ್ವೋಚ್ಚ ನ್ಯಾಯಾಲಯವು, ಈ ಮಾನದಂಡಗಳು ಬರಿಯ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕೆಂದು ಹೇಳಿತು. ಗಡುವು ಮೀರಿದವರಲ್ಲಿ ಕಛೇರಿಗಳಿವೆ, ಶಾಲೆಗಳಿವೆ, ಬ್ಯಾಂಕುಗಳಿವೆ. ಅವರನ್ನು ಬೆರಳು ಮಾಡಿ ತೋರಿಸುವ ಮುನ್ನ ನಮ್ಮ ಹೊಸ್ತಿಲನ್ನು ನೋಡಿಕೊಳ್ಳುವುದು ಧರ್ಮ.

ಹೊಸ ಪ್ರಸಾದನಿಲಯದ ನಕ್ಷೆಯನ್ನು ಭಕ್ತಮಂಡಳಿಯ ಸಭೆಯಲ್ಲಿ ತೋರಿಸಿದಾಗ ನಾನಿದ್ದೆ. ಭವ್ಯವಾಗಿದೆ, ಮುಂದೆ ಹದಿನೇಳು ಮೆಟ್ಟಿಲು. ಇಳಿಜಾರಿನ ದಾರಿಯೆಲ್ಲಿ ಎಂದು ಕೇಳಿದ್ದಕ್ಕೆ, "ಆಮೇಲೆ ಹಿಂಬದಿಗೆ ಮಾಡಿದರಾಯಿತು" ಎಂಬ ಉತ್ತರ ಬಂದಿತು. ಲೆಕ್ಕ ಹಾಕೋಣ. ಮೆಟ್ಟಿಲಿಗೆ ಆರು ಅಂಗುಲವೆಂದರೆ ಹದಿನೇಳಕ್ಕೆ ಎಂಟೂವರೆ ಅಡಿ ಎತ್ತರ. ಗಾಲಿಕುರ್ಚಿ ತಾನೇ ಏರಬೇಕಾದರೆ ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕೆಂಬುದು ಮಾನದಂಡ. ಅಂದರೆ 102 ಅಡಿ. ನಡುನಡುವೆ ವಿಶ್ರಾಂತಿಯ ಸಮತಟ್ಟು ಬೇರೆ. ಇದು ಆಮೇಲೆ ಹಿಂಬದಿಗೆ ಅಂಟಿಸುವ ಕೆಲಸವಲ್ಲ. ಪೀಠವನ್ನು ಮೂರಡಿಗೆ ಇಳಿಸಿದರೆ ಮೂವತ್ತಾರು ಅಡಿಯಲ್ಲಿ ಮುಗಿಯುತ್ತದೆ, ಮುಂಬಾಗಿಲಿನಿಂದಲೇ ಎಲ್ಲರೂ ಒಳಗೆ ಬರಬಹುದು. ಮೊಣಕಾಲು ನೋವಿನ ಮುದುಕಿಯೂ, ಕೂಸನ್ನೆತ್ತಿಕೊಂಡ ಬಾಣಂತಿಯೂ, ನಾಳೆ ನಾನೂ. ಬುನಾದಿ ತೋಡುವ ಮುನ್ನ ಇದಕ್ಕೆ ತಗಲುವ ವೆಚ್ಚ ಒಂದು ಗೆರೆಯ ತಿದ್ದುಪಡಿ. ತೋಡಿದ ಮೇಲೆ ಲಕ್ಷಗಟ್ಟಲೆ ರೂಪಾಯಿ, ಮತ್ತು ಒಂದು ತಲೆಮಾರಿನ ಅವಮಾನ.

ಬರಿಯ ಟೀಕೆ ಸಲ್ಲದು. ಆದ್ದರಿಂದ ಎರಡು ಸೂಚನೆಗಳನ್ನು ಮಂಡಿಸುತ್ತೇನೆ. ಒಂದು, ನಕ್ಷೆಯನ್ನು ತಿದ್ದುವ ಸಭೆಗೆ ಬಂಡಿಯಲ್ಲಿ ಬರುವ ಆ ಭಕ್ತನನ್ನೂ, ಊರಿನ ಒಬ್ಬ ಅಂಧನನ್ನೂ, ಕಿವಿ ಕೇಳದ ಒಬ್ಬರನ್ನೂ ಕರೆಯಬೇಕು. ಶಾಲು ಹೊದಿಸುವುದಕ್ಕಲ್ಲ, ಅವರ ಮಾತನ್ನು ಕೇಳಿ ಬರೆದುಕೊಳ್ಳುವುದಕ್ಕೆ. ಎರಡು, ಮಠದ ಹಳೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನಲ್ಲಿ ಮನೆಮನೆಗೆ ಹೋಗಿ ಎಣಿಕೆಯನ್ನು ಮಾಡಬೇಕು. ವಿಶ್ವಸಂಸ್ಥೆಯ ಸಂಖ್ಯಾಶಾಸ್ತ್ರ ಆಯೋಗದಡಿ 2001ರಲ್ಲಿ ರಚಿತವಾದ ವಾಷಿಂಗ್ಟನ್ ಗುಂಪು ಇದಕ್ಕೆ ಆರೇ ಪ್ರಶ್ನೆಗಳನ್ನು ಕೊಟ್ಟಿದೆ: ನೋಡಲು, ಕೇಳಲು, ನಡೆಯಲು ಅಥವಾ ಮೆಟ್ಟಿಲೇರಲು, ನೆನಪಿಡಲು, ತನ್ನ ಮೈಯನ್ನು ತಾನೇ ನೋಡಿಕೊಳ್ಳಲು, ಮಾತನ್ನು ತಿಳಿಯಲು ಮತ್ತು ತಿಳಿಸಲು ತೊಂದರೆಯಿದೆಯೇ? "ಅಂಗವಿಕಲರಿದ್ದಾರೆಯೇ" ಎಂಬ ಶಬ್ದವೇ ಅದರಲ್ಲಿಲ್ಲ. ಆದ್ದರಿಂದ ಯಾರೂ ಮುಚ್ಚಿಡುವುದಿಲ್ಲ. ಅದರ ಕೆಳಗೆ ನಮ್ಮ ನಾಲ್ಕು ಪ್ರಶ್ನೆಗಳನ್ನು ಸೇರಿಸೋಣ: ಕಳೆದ ತಿಂಗಳಲ್ಲಿ ಎಷ್ಟು ಸಲ ಮನೆಯಿಂದ ಹೊರಗೆ ಹೋದಿರಿ? ಹೋಗಬೇಕೆಂದು ಹೋಗಲಾರದೆ ಉಳಿದದ್ದು ಎಲ್ಲಿಗೆ? ಮನೆಯ ನಿರ್ಧಾರಗಳಲ್ಲಿ ನಿಮ್ಮನ್ನು ಕೇಳುತ್ತಾರೆಯೇ? ಏನಾಗಬೇಕೆಂದು ನಿಮಗೆ ಆಸೆ? ಇದಕ್ಕೆ ಕೋನಮಾಪಕ ಬೇಡ. ಕುಳಿತು ಕೇಳುವ ವ್ಯವಧಾನ ಸಾಕು.

ಆ ತಂದೆಯ ಪ್ರಶ್ನೆಗೆ ನಾನೀಗ ಕೊಡಬಲ್ಲ ಉತ್ತರವೂ ಇದೇ. ಮಗಳನ್ನು ಬೇರೆ ಕಾಟಾಕ್ಕೆ ಒಯ್ಯಬೇಕಾಗಿಲ್ಲ. ತೂಗಬೇಕಾದದ್ದು ಅವಳನ್ನಲ್ಲ, ನಮ್ಮನ್ನು. ನಮ್ಮ ರಸ್ತೆಯನ್ನು, ಶಾಲೆಯನ್ನು, ಕಛೇರಿಯನ್ನು, ಮಠವನ್ನು ಅವಳ ಮುಂದೆ ಇಟ್ಟು, ಎಷ್ಟು ಶೇಕಡಾ ಸರಿಯಿದೆ ಎಂದು ಅವಳನ್ನೇ ಕೇಳಬೇಕು. ಆ ಪ್ರಮಾಣಪತ್ರದಲ್ಲಿ ನಮಗೆ ಮೂವತ್ತೆಂಟಾದರೂ ಬಂದೀತೇ ಎಂಬ ಸಂಶಯ ನನಗಿದೆ.

ಪ್ರಸಾದನಿಲಯದ ಬುನಾದಿ ಪೂಜೆಗೆ ಇನ್ನೂ ಕೆಲವು ವಾರಗಳಿವೆ. ನಕ್ಷೆ ಕಾಗದದ ಮೇಲಿದೆ. ಕಾಗದದ ಮೇಲಿರುವಾಗಲೇ ತಿದ್ದೋಣ.